ಒಲೆ ಆರದ ಹಾಗೆ

ಇಜಾಜ್‌ಗೆ ಆ ಮನೆಯ ಮೇಲೆ ಮನಸ್ಸಾದದ್ದೇ ನಡುಮನೆಯ ಮೂಲೆಯಲ್ಲಿದ್ದ ಪೆಲೆಟ್ ಒಲೆಯನ್ನು ನೋಡಿ. ಲಾಸ್ ಗ್ಯಾಟೋಸ್ ಊರು ದಾಟಿ ಗುಡ್ಡ ಹತ್ತುವ ರಸ್ತೆಯ ತುದಿಯಲ್ಲಿ, ರೆಡ್‌ವುಡ್ ಮರಗಳ ನಡುವೆ ಇದ್ದ ಹಳೆಯ ಮರದ ಮನೆ ಅದು. ಯಾರೋ ಬೇಸಿಗೆಯಲ್ಲಿ ಬಂದು ಇರಲೆಂದು ಕಟ್ಟಿಸಿದ್ದು; ಗೋಡೆಗಳು ತೆಳು, ಕಿಟಕಿಗಳ ಸಂದಿಯಲ್ಲಿ ಗಾಳಿ ಸಿಳ್ಳೆ ಹೊಡೆಯುತ್ತಿತ್ತು. ಆದರೆ ಒಲೆ ಚೆನ್ನಾಗಿತ್ತು. ಮರದ ಹೊಟ್ಟನ್ನು ಒತ್ತಿ ಮಾಡಿದ, ಬೆರಳಿನ ಗೆಣ್ಣಿನಷ್ಟು ದೊಡ್ಡ ಗುಳಿಗೆಗಳನ್ನು ಮೇಲಿನ ಡಬ್ಬಿಗೆ ಸುರಿದುಬಿಟ್ಟರೆ, ಒಳಗಿನ ತಿರುಪು ಅವನ್ನು ಸ್ವಲ್ಪಸ್ವಲ್ಪವಾಗಿ ಬೆಂಕಿಗೆ ನೂಕುತ್ತಿತ್ತು. ಒಂದು ಫ್ಯಾನು ಹೊಗೆಯನ್ನು ಗೋಡೆಯ ಪೈಪಿನಿಂದ ಆಚೆಗೆ ಎಳೆದು ಹಾಕುತ್ತಿತ್ತು, ಇನ್ನೊಂದು ಬಿಸಿಗಾಳಿಯನ್ನು ಮನೆಯೊಳಗೆ ಊದುತ್ತಿತ್ತು. ಎಷ್ಟು ಗುಳಿಗೆ, ಎಷ್ಟು ಗಾಳಿ ಎಂದು ಬಟನ್ ಒತ್ತಿ ಹೇಳಿದರೆ ಸಾಕು.

ಹೀಗೆ ಹೊಂದಿಸುವುದರಲ್ಲಿ ಇಜಾಜ್‌ಗೆ ಸುಖವಿತ್ತು. ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ಅವನ ಕೆಲಸವೇ ಶಾಖದ್ದು. ಚಿಪ್ಪು ಬಿಸಿಯಾಗಿ ಸುಟ್ಟುಹೋಗದಂತೆ ಶಾಖವನ್ನು ಯಾವ ದಾರಿಯಲ್ಲಿ ಹೊರಗೆ ಕಳಿಸಬೇಕು ಎಂದು ದಿನವಿಡೀ ಲೆಕ್ಕ ಹಾಕುವವನು. ಸಂಜೆ ಮನೆಗೆ ಬಂದರೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಜ್ವಾಲೆಯ ಬಣ್ಣ ನೋಡುತ್ತಿದ್ದ. ಅವನ ಹೆಂಡತಿ ಸಮ್ರೀನ್ ನಗುತ್ತಿದ್ದಳು: "ನನ್ನ ಮುಖ ಇಷ್ಟೊತ್ತು ನೋಡಿಲ್ಲಪ್ಪ ನೀನು."

ಅವನ ತಾಯಿ ನೂರುನ್ನಿಸಾ, ಗಂಡ ತೀರಿಕೊಂಡ ಮೇಲೆ ಇವರ ಜೊತೆಗೇ ಇದ್ದರು. ಗದಗಿನ ಹತ್ತಿರದ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಊರಲ್ಲಿದ್ದಾಗ ಮನೆಯಲ್ಲಿ ಉರ್ದು, ಕನ್ನಡ ಎರಡೂ ನಡೆಯುತ್ತಿತ್ತು, ಆದರೆ ಪ್ರೀತಿ ಮಾಡುವಾಗಲೂ ಬೈಯುವಾಗಲೂ ಅವರ ಬಾಯಿಗೆ ಬರುತ್ತಿದ್ದುದು ಕನ್ನಡವೇ. ಮೊಮ್ಮಗಳು ಇನಾಯಾ ಮೂರನೆಯ ಗ್ರೇಡಿನಲ್ಲಿದ್ದಳು. ದಾದಿ ಎಂದು ಕರೆಯುವ ಅಜ್ಜಿಯ ಮಾತೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಆ ವರ್ಷ ಫೆಬ್ರವರಿಯ ಕೊನೆಯಲ್ಲಿ, ಯಾರೂ ನಿರೀಕ್ಷಿಸದ ಚಳಿ ಬಂತು. ಕೆಳಗೆ ಊರಿನಲ್ಲಿ ಮಳೆ, ಗುಡ್ಡದ ಮೇಲೆ ಹಿಮ. ಗುರುವಾರ ಬೆಳಗ್ಗೆ ಸಮ್ರೀನ್ ಕೆಲಸಕ್ಕೆ ಹೋಗಿದ್ದಳು. ಅವಳು ಸಾಂಟಾ ಕ್ಲಾರಾದ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ಸಂಜೆಯ ಹೊತ್ತಿಗೆ ಗುಡ್ಡದ ರಸ್ತೆಗೆ ಅಡ್ಡಲಾಗಿ ಮರಗಳು ಬಿದ್ದು, ಪೊಲೀಸರು ದಾರಿ ಮುಚ್ಚಿಬಿಟ್ಟರು. ಅವಳು ಗೆಳತಿಯ ಮನೆಯಲ್ಲೇ ಉಳಿದಳು. ಕತ್ತಲಾಗುವ ಮುಂಚೆ ಕರೆಂಟೂ ಹೋಯಿತು.

ಇಜಾಜ್ ಹೆದರಲಿಲ್ಲ. ಕಾಡಿನ ಬೆಂಕಿಯ ಕಾಲದಲ್ಲಿ ಕರೆಂಟು ತೆಗೆಯುತ್ತಾರೆಂದು ಒಂದು ದೊಡ್ಡ ಬ್ಯಾಟರಿ ತಂದಿಟ್ಟಿದ್ದ. ಒಲೆಯ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿದ. ಒಲೆ ಹೊತ್ತಿತು. ನೂರುನ್ನಿಸಾ ಕೌದಿ ಹೊದ್ದು ಅದರ ಮುಂದೆ ಕೂತರು, ಇನಾಯಾ ಅವರ ತೊಡೆಗೆ ಒರಗಿ ಮಲಗಿದಳು. ಆ ರಾತ್ರಿ ಏನೂ ಆಗಲಿಲ್ಲ.

ಕೆಟ್ಟದ್ದು ಶುರುವಾದದ್ದು ಶುಕ್ರವಾರ ಬೆಳಗ್ಗೆ.

ಕಿಟಕಿಯ ಆಚೆ ಎಲ್ಲವೂ ಬೆಳ್ಳಗಾಗಿತ್ತು, ಹಿಮ ಇನ್ನೂ ಬೀಳುತ್ತಲೇ ಇತ್ತು. ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಹೀಗೇ ಹೋದರೆ ಸಂಜೆಗೆ ಒಲೆ ನಿಂತುಹೋಗುತ್ತದೆ. ಇಜಾಜ್ ಯೋಚಿಸಿದ. ಬ್ಯಾಟರಿಯನ್ನು ಹೆಚ್ಚು ತಿನ್ನುತ್ತಿದ್ದುದು ಫ್ಯಾನುಗಳು. ಅದರಲ್ಲೂ ಹೊಗೆ ಎಳೆಯುವ ಫ್ಯಾನು ಹೊಗೆಯ ಜೊತೆಗೆ ಎಷ್ಟೋ ಶಾಖವನ್ನು ಆಚೆ ಎಸೆಯುತ್ತಿದೆ ಎಂದು ಅವನಿಗೆ ಮೊದಲಿನಿಂದಲೂ ಅನಿಸುತ್ತಿತ್ತು. ರಿಪೇರಿಯವರಿಗೆಂದು ಇಟ್ಟ ಒಳಗಿನ ಮೆನುವೊಂದಿದೆ ಎಂದು ಅವನು ಯಾವುದೋ ವೀಡಿಯೊದಲ್ಲಿ ನೋಡಿದ್ದ. ಅದನ್ನು ತೆರೆದು ಆ ಫ್ಯಾನಿನ ವೇಗವನ್ನು ತಗ್ಗಿಸಿದ. ಆಮೇಲೆ ಅಗಲದ ಟೇಪು ತಂದು ಕಿಟಕಿಗಳ ಸಂದಿ, ಹಿಂಬಾಗಿಲಿನ ಅಂಚು, ಅಡುಗೆಮನೆಯ ಗಾಳಿಗಿಂಡಿ ಎಲ್ಲಕ್ಕೂ ಅಂಟಿಸಿದ.

ಮನೆ ನಿಜಕ್ಕೂ ಬೆಚ್ಚಗಾಯಿತು. ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಸ್ವಲ್ಪ ಹೊತ್ತಿಗೆ ಒಲೆ ತಾನಾಗಿಯೇ ಆರಿತು. ಫಲಕದ ಮೇಲೆ ಕೆಂಪು ದೀಪ ಮಿನುಗಿತು. ಅವನು ಮತ್ತೆ ಹೊತ್ತಿಸಿದ. ಮತ್ತೆ ಆರಿತು. ಮೂರನೆಯ ಸಲ ಆರುವ ಹೊತ್ತಿಗೆ ಮನೆ ಮತ್ತೆ ತಣ್ಣಗಾಗಿ, ಇನಾಯಾಳ ಮೂಗಿನ ತುದಿ ಕೆಂಪಾಗಿತ್ತು.

"ಇದು ಮತ್ತ ಆರಿತಲ್ಲೋ ತಮ್ಮಾ," ಎಂದರು ನೂರುನ್ನಿಸಾ.

"ಸೆನ್ಸರು ಕೆಟ್ಟಿದೆ ಅಮ್ಮೀ. ಒಳಗೆ ಎಳೆತ ಸರಿಯಾಗಿಲ್ಲ ಅಂತ ಅದಕ್ಕೆ ಭ್ರಮೆ. ಸುಮ್‌ಸುಮ್ನೆ ಆಫ್ ಮಾಡ್ತಾ ಇದೆ. ಒಂಚೂರು ಟಾರ್ಚ್ ಹಿಡ್ಕೊಳ್ತೀರಾ?"

ಅವರು ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಟಾರ್ಚು ಹಿಡಿದರು. ಇಜಾಜ್ ಒಲೆಯ ಪಕ್ಕದ ತಗಡನ್ನು ಬಿಚ್ಚಿದ. ಒಳಗೆ ಆ ಸಣ್ಣ ಸ್ವಿಚ್ಚು ಇತ್ತು. ಹೊಗೆ ಸರಿಯಾಗಿ ಹೊರಗೆ ಹೋಗದಿದ್ದರೆ ಬೆಂಕಿಯನ್ನು ನಿಲ್ಲಿಸಲೆಂದೇ ಅದನ್ನು ಇಟ್ಟಿರುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಎರಡು ತಂತಿಗಳನ್ನು ಕಿತ್ತು, ಒಂದಕ್ಕೊಂದು ಹೊಸೆದು ಟೇಪು ಸುತ್ತಿದ.

"ಆ ಸ್ವಿಚ್ಚು ಬ್ಯಾಡೇನು ಹಂಗಾರ?" ಎಂದು ಕೇಳಿದರು ತಾಯಿ.

"ಇವತ್ತೊಂದಿನಕ್ಕೆ ಬೇಡ."

"ನಿನಗ ಗೊತ್ತಿರತೈತಿ ಬಿಡು," ಎಂದು ಅವರು ಟಾರ್ಚು ಆರಿಸಿದರು.

ಒಲೆ ಹೊತ್ತಿತು. ಈ ಸಲ ಆರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜ್ವಾಲೆಯ ಬಣ್ಣ ಬದಲಾಗಿತ್ತು. ಚುರುಕಾಗಿ ಕುಣಿಯಬೇಕಾದದ್ದು ಕಿತ್ತಳೆ ಬಣ್ಣಕ್ಕೆ ತಿರುಗಿ, ನಾಲಿಗೆಯ ಹಾಗೆ ಉದ್ದಕ್ಕೆ, ನಿಧಾನವಾಗಿ ಹೊರಳುತ್ತಿತ್ತು. ಗಾಜಿನ ಮೇಲೆ ಮಸಿ ಹಿಡಿಯತೊಡಗಿತ್ತು. ಬೇರೆ ದಿನವಾಗಿದ್ದರೆ ಇಜಾಜ್ ತಕ್ಷಣ ಎದ್ದು ನೋಡುತ್ತಿದ್ದ. ಈವತ್ತು ಸೋಫಾದಲ್ಲಿ ಕೂತೇ ನೋಡಿದ. ಗಾಳಿ ಸ್ವಲ್ಪ ಹೆಚ್ಚಿಸಬೇಕು ಎಂದುಕೊಂಡ. ಏಳಬೇಕೆನಿಸಲಿಲ್ಲ. ರಾತ್ರಿ ಸರಿಯಾಗಿ ನಿದ್ದೆಯಾಗಿಲ್ಲ, ಅದಕ್ಕೇ ಹೀಗೆ ಎಂದು ಸಮಾಧಾನ ಮಾಡಿಕೊಂಡ. ನಡುಮನೆಯ ಛಾವಣಿಯಲ್ಲಿದ್ದ ವಿಷಗಾಳಿಯ ಅಲಾರಮ್ಮು ಮನೆಯ ಕರೆಂಟಿನಲ್ಲಿ ಓಡುವಂಥದ್ದು. ಕರೆಂಟು ಹೋದಾಗ ಬೇಕಾಗುವ ಅದರ ಸೆಲ್ಲು ಸತ್ತು ವಾರಗಳಾಗಿದ್ದವು. ಅವನು ಅದರ ಕಡೆ ಒಮ್ಮೆಯೂ ನೋಡಲಿಲ್ಲ.

"ತಮ್ಮಾ, ಕಿಟಕಿ ಒಂದೀಟು ತಗೀ. ತಲಿ ಸಿಡ್ಯಾಕತ್ತೈತಿ."

"ಈಗಷ್ಟೇ ಬೆಚ್ಚಗಾಗಿದೆ ಅಮ್ಮೀ. ಟೇಪ್ ಎಲ್ಲಾ ಕೀಳ್ಬೇಕು. ಚಳಿಗೆ ತಲೆ ನೋಯುತ್ತೆ, ಕೌದಿ ಸರಿಯಾಗಿ ಹೊದ್ಕೊಳ್ಳಿ."

"ಚಳಿ ಎಲ್ಲೈತಿ? ಉಸಿರು ಹಿಡದಂಗ ಆಗೇತಿ."

ಅವನಿಗೆ ಸುಮ್ಮನೆ ಸಿಟ್ಟು ಬಂತು. ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ. "ಬೆಳಗ್ಗೆಯಿಂದ ನಿಮಗೋಸ್ಕರಾನೇ ಅಲ್ವಾ ನಾನು ಒದ್ದಾಡ್ತಿರೋದು?" ಎಂದು ಗದರಿದ. ನೂರುನ್ನಿಸಾ ಕೌದಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದರು.

ಇನಾಯಾ ಕಾರ್ಪೆಟ್ಟಿನ ಮೇಲೆ ಬಣ್ಣ ಹಚ್ಚುತ್ತಿದ್ದವಳು ಕ್ರೇಯಾನನ್ನು ಕೈಯಲ್ಲೇ ಹಿಡಿದುಕೊಂಡು ಮಲಗಿಬಿಟ್ಟಿದ್ದಳು. "ಅಬ್ಬೂ, ಐ ಫೀಲ್ ಯಕ್ಕೀ," ಎಂದು ಹೊಟ್ಟೆ ಹಿಡಿದುಕೊಂಡು ಯಾವಾಗಲೋ ಹೇಳಿದ್ದಳು. ಅದು ಈಗ ಹೇಳಿದ್ದೋ ಆಗಲೇ ಹೇಳಿದ್ದೋ ಅವನಿಗೆ ನೆನಪಾಗಲಿಲ್ಲ. ಅವಳನ್ನು ಎತ್ತಿ ಸೋಫಾದ ಮೇಲೆ ಮಲಗಿಸಿದ. ಅಷ್ಟಕ್ಕೇ ಎದೆ ಡಬಡಬ ಹೊಡೆದುಕೊಂಡಿತು.

ಫೋನು ಬಂತು. ಬೆಳಗ್ಗೆಯಿಂದ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು.

"ಹೆಂಗಿದೀರ ಎಲ್ಲಾ? ರಸ್ತೆ ನಾಳೆ ಓಪನ್ ಆಗ್ಬಹುದು ಅಂತಿದಾರೆ," ಎಂದಳು ಸಮ್ರೀನ್.

"ಚೆನ್ನಾಗಿದೀವಿ. ಬೆಚ್ಚಗೆ... ಮನೆ ಬೆಚ್ಚಗಿದೆ."

"ಇನಾಯಾಗೆ ಕೊಡು."

"ಮಲಗಿದಾಳೆ."

"ಈ ಹೊತ್ತಲ್ಲಾ? ಅಮ್ಮೀಗೆ ಕೊಡು ಮತ್ತೆ."

"ಅವರೂ ಮಲಗಿದಾರೆ. ತಲೆನೋವಂತೆ. ನಂಗೂ..." ಮಾತು ಎಲ್ಲಿಗೆ ಹೋಗಬೇಕಿತ್ತೆಂದು ಅವನಿಗೆ ಮರೆತುಹೋಯಿತು.

"ಇಜಾಜ್, ಯಾಕೆ ಹಂಗೆ ಎಳೀತಾ ಮಾತಾಡ್ತಿದೀಯ? ಇಬ್ರಿಗೂ ತಲೆನೋವಾ? ಇಜಾಜ್, ಒಲೆ..."

ಲೈನು ಕಡಿದುಹೋಯಿತು. ಅವನು ಫೋನನ್ನು ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ಕೂತಿದ್ದ. ಅವಳು ಒಲೆಯ ಬಗ್ಗೆ ಏನೋ ಕೇಳಿದಳು. ಒಲೆಗೇನು, ಉರಿಯುತ್ತಿದೆ. ಗುಳಿಗೆ ಮುಗಿಯುತ್ತಾ ಬಂದಿದೆಯೇನೋ. ಹೌದು, ಗುಳಿಗೆ ತರಬೇಕು.

ಅಷ್ಟು ಮಾತ್ರ ಅವನ ತಲೆಯಲ್ಲಿ ಉಳಿಯಿತು, ಮತ್ತು ಅದೇ ಅವನನ್ನು ಎಬ್ಬಿಸಿತು. ಗುಳಿಗೆಯ ಚೀಲಗಳು ಆಚೆ ಶೆಡ್ಡಿನಲ್ಲಿದ್ದವು. ಗೋಡೆ ಹಿಡಿದುಕೊಂಡು ಮುಂಬಾಗಿಲಿಗೆ ಹೋಗಿ, ಬೂಟಿನೊಳಗೆ ಕಾಲು ತೂರಿಸಲು ಎಷ್ಟೋ ಹೊತ್ತು ಒದ್ದಾಡಿ, ಹೊರಗೆ ಬಂದ. ನಾಲ್ಕು ಹೆಜ್ಜೆ ಇಡುವುದರೊಳಗೆ ಮೊಣಕಾಲು ಮಡಚಿ ಹಿಮದಲ್ಲಿ ಬಿದ್ದ. ಬಿದ್ದಲ್ಲೇ ವಾಂತಿಯಾಯಿತು.

ತಣ್ಣನೆಯ ಗಾಳಿ ಚಾಕುವಿನ ಹಾಗೆ ಎದೆಯೊಳಗೆ ಇಳಿಯಿತು. ಅವನು ಮಲಗಿದ್ದಲ್ಲಿಂದಲೇ ಬಾಯಿ ಕಳೆದು ಉಸಿರೆಳೆದ, ಮತ್ತೆ ಎಳೆದ. ತಲೆ ಒಡೆದುಹೋಗುವಂತೆ ನೋಯುತ್ತಿತ್ತು, ಆದರೆ ಆ ನೋವಿನ ನಡುವೆ ಕಣ್ಣಿಗೆ ಕಾಣುವುದು ಒಂದೊಂದಾಗಿ ಸ್ಪಷ್ಟವಾಯಿತು. ಮನೆಯ ಪಕ್ಕದ ಗೋಡೆ. ಅದರಿಂದ ಆಚೆ ಬರಬೇಕಾದ ಒಲೆಯ ಪೈಪು ಕಾಣಲಿಲ್ಲ. ಛಾವಣಿಯಿಂದ ಜಾರಿದ ಹಿಮ ಅದರ ಮೇಲೆ ದಿಬ್ಬವಾಗಿ ಕೂತಿತ್ತು. ದಿಬ್ಬದ ಸಂದಿಯಿಂದ ಬೂದು ಬಣ್ಣದ ಹೊಗೆಯ ಎಳೆಯೊಂದು ಮಾತ್ರ ಗೋಡೆಗೆ ಅಂಟಿಕೊಂಡು ಮೇಲೆ ಹತ್ತುತ್ತಿತ್ತು. ಉಳಿದ ಹೊಗೆ ಎಲ್ಲಿಗೆ ಹೋಗುತ್ತಿದೆ?

ಆಗ ಅವನಿಗೆ ಎಲ್ಲವೂ ತಿಳಿಯಿತು. ಬೆಂಕಿ ಸರಿಯಾಗಿ ಉರಿಯದಾಗ ಹುಟ್ಟುವ, ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಆ ವಿಷಗಾಳಿಯ ಹೆಸರು ಕಾಲೇಜಿನ ಮೊದಲ ವರ್ಷದಲ್ಲೇ ಅವನಿಗೆ ಗೊತ್ತಿತ್ತು.

ಉಸಿರು ಬಿಗಿಹಿಡಿದು ಒಳಗೆ ಓಡಿದ. ಇನಾಯಾಳನ್ನು ಎತ್ತಿಕೊಂಡ. ಅವಳ ತಲೆ ಅವನ ತೋಳಿನ ಮೇಲಿಂದ ಹಿಂದಕ್ಕೆ ಜೋತುಬಿತ್ತು. ಹೊರಗೆ ತಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಬಾಗಿಲು ತೆರೆದಿಟ್ಟು ಕೆನ್ನೆಗೆ ಹಿಮ ಉಜ್ಜಿದ. "ಇನೂ! ಇನೂ ಕಂದಾ!" ಅವಳು ಮುಖ ಕಿವುಚಿ ಕೆಮ್ಮಿದಳು. ಅವನು ಮತ್ತೆ ಒಳಗೆ ಹೋದ.

ನೂರುನ್ನಿಸಾ ಒಲೆಗೆ ತೀರ ಹತ್ತಿರ ಕೂತಿದ್ದರು. ಮಗ ಹೇಳಿದಂತೆಯೇ ಕೌದಿಯನ್ನು ಸರಿಯಾಗಿ ಹೊದ್ದಿದ್ದರು. ಮುಖ ಯಾವತ್ತಿಗಿಂತ ಕೆಂಪಗೆ, ಆರೋಗ್ಯವಾಗಿರುವವರ ಹಾಗೆ ಕಾಣುತ್ತಿತ್ತು. ಆ ಗಾಳಿ ರಕ್ತಕ್ಕೆ ಸೇರಿದಾಗ ಬರುವ ಬಣ್ಣ ಅದೆಂದು ಅವನಿಗೆ ಗೊತ್ತಿತ್ತು. ಎತ್ತಲು ಆಗಲಿಲ್ಲ. ಕೌದಿಯ ಸಮೇತ ಕೆಳಗಿಳಿಸಿ, ನೆಲದ ಮೇಲೆ ಎಳೆದುಕೊಂಡು ಬಂದ. ಹೊಸಿಲ ಹತ್ತಿರ ಅವನ ಉಸಿರು ತಪ್ಪಿ ಒಂದು ಸಲ ಆ ಗಾಳಿಯನ್ನೇ ಎಳೆದುಕೊಂಡ. ಕಣ್ಣು ಕತ್ತಲಿಟ್ಟಿತು. ಹೇಗೆ ಮೆಟ್ಟಿಲು ಇಳಿಸಿದನೋ ಅವನಿಗೆ ಆಮೇಲೂ ನೆನಪಿಗೆ ಬರಲಿಲ್ಲ.

ತಾಯಿಯನ್ನು ಮುಂದಿನ ಸೀಟಿಗೆ ಒರಗಿಸಿ, ಹೀಟರಿಗೆಂದು ಕಾರಿನ ಬಟನ್ನಿನ ಮೇಲೆ ಬೆರಳಿಟ್ಟವನು ಥಟ್ಟನೆ ಕೈ ಹಿಂದೆ ತೆಗೆದ. ಕಾರಿನ ಹಿಂಭಾಗ ಪೂರ್ತಿ ಹಿಮದಲ್ಲಿ ಹೂತಿತ್ತು. ಹೊಗೆ ಬಿಡುವ ನಳಿಗೆಯೂ ಅದರಲ್ಲೇ ಮುಚ್ಚಿಹೋಗಿತ್ತು. ಕೈಯಿಂದಲೇ ಅದನ್ನು ತೋಡಿದ. ಬೆರಳುಗಳಿಗೆ ಸ್ಪರ್ಶವಿಲ್ಲದಂತಾದ ಮೇಲೆ ನಳಿಗೆ ಕಂಡಿತು. ಕಾರು ಸ್ಟಾರ್ಟ್ ಮಾಡಿ, ಕಿಟಕಿಗಳನ್ನು ಇಳಿಸಿ, ಹಾರ್ನಿನ ಮೇಲೆ ಕೈ ಊರಿ ತೆಗೆಯದೆ ಕೂತ.

ಕೆಳಗಿನ ತಿರುವಿನಲ್ಲಿ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು ಗರಗಸ ಹಿಡಿದು ಬಿದ್ದ ಮರ ಕತ್ತರಿಸುತ್ತಿದ್ದರು. ಹಾರ್ನು ಅವರ ಕಿವಿಗೆ ಬಿತ್ತು. ಬಿಳಿಗಡ್ಡದ ಒಬ್ಬ ಮುದುಕ ಆಕ್ಸಿಜನ್ ಸಿಲಿಂಡರು ಹೊತ್ತು ಏದುಸಿರು ಬಿಡುತ್ತಾ ಹತ್ತಿ ಬಂದ. ನೂರುನ್ನಿಸಾರ ಮುಖಕ್ಕೆ ಮಾಸ್ಕು ಇಟ್ಟ. ಬಹಳ ಹೊತ್ತಿನ ಮೇಲೆ ಅವರು ಕಣ್ಣು ತೆರೆದರು.

"ಏನಾಯಿತು?" ಎಂದು ಮುದುಕ ಇಂಗ್ಲಿಷಿನಲ್ಲಿ ಕೇಳಿದ.

"ಹಿಮ ಬಿದ್ದು ಒಲೆಯ ಪೈಪು ಮುಚ್ಚಿಹೋಯಿತು," ಎಂದ ಇಜಾಜ್.

ಅದು ಸುಳ್ಳಲ್ಲ. ಮಾಸ್ಕಿನ ಮೇಲಿಂದ ತಾಯಿಯ ಕಣ್ಣುಗಳು ಅವನ ಕಡೆ ತಿರುಗಿದವು. ಒಂದು ಗಳಿಗೆ ನೋಡಿ, ಮತ್ತೆ ಮುಚ್ಚಿಕೊಂಡವು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದೂ ಅಂಥದೇ ಪ್ರಶ್ನೆ: ಎಷ್ಟು ಹೊತ್ತು ಆ ಗಾಳಿಯಲ್ಲಿದ್ದರು? ಇಜಾಜ್ ಲೆಕ್ಕ ಹಾಕಿದ. ಬೆಳಗ್ಗೆಯಿಂದ ಎಂದರೆ, ಅಷ್ಟು ಹೊತ್ತು ಒಲೆ ತಾನೇ ಯಾಕೆ ಆರಲಿಲ್ಲ ಎಂದು ಕೇಳುತ್ತಾರೆ. "ಒಂದು ಗಂಟೆ ಇರಬಹುದು, ಪೈಪಿನ ಮೇಲೆ ಹಿಮ ಬಿದ್ದ ಮೇಲೆ," ಎಂದ. ಡಾಕ್ಟರು ಬರೆದುಕೊಂಡರು. ತಾಯಿಗೂ ಮಗಳಿಗೂ ಆಕ್ಸಿಜನ್ ಕೊಟ್ಟು, ರಕ್ತ ನೋಡಿ, ಎರಡು ದಿನ ಇಟ್ಟುಕೊಂಡು ಕಳಿಸಿದರು. ಹೊರಡುವಾಗ, ಮುಂದಿನ ಕೆಲವು ವಾರ ವಯಸ್ಸಾದವರ ಮೇಲೆ ಕಣ್ಣಿಡಿ, ಕೆಲವೊಮ್ಮೆ ತಡವಾಗಿ ತೊಂದರೆ ಕಾಣಿಸಿಕೊಳ್ಳುತ್ತದೆ ಎಂದರು.

ಅವರು ಗುಡ್ಡಕ್ಕೆ ಹಿಂತಿರುಗಲಿಲ್ಲ. ಸಾಂಟಾ ಕ್ಲಾರಾದಲ್ಲಿ ಒಂದು ಅಪಾರ್ಟ್‌ಮೆಂಟು ಹಿಡಿದರು. ಸಮ್ರೀನ್ ಕಂಡವರಿಗೆಲ್ಲ ಹೇಳಿದಳು: "ಇಜಾಜ್ ಇಲ್ದೇ ಇದ್ದಿದ್ರೆ ಇಬ್ರೂ ಹೋಗ್ಬಿಡ್ತಿದ್ರು." ಗದಗಿನಿಂದ ಚಿಕ್ಕಪ್ಪ ಫೋನ್ ಮಾಡಿ ಅತ್ತರು. ಮಸೀದಿಯಲ್ಲಿ ಪರಿಚಯದವರು ಬೆನ್ನು ತಟ್ಟಿದರು. ಅವನು ಬೇಗನೆ ಮಾತು ಬದಲಿಸಿ ಅಲ್ಲಿಂದ ಹೊರಡುತ್ತಿದ್ದ.

ಒಂದು ಬೆಳಗ್ಗೆ ಮನೆಯಲ್ಲಿ ತಾಯಿ ಒಬ್ಬರೇ ಇದ್ದಾಗ ಬಾಯಿ ತೆಗೆದ. "ಅಮ್ಮೀ, ಆ ತಂತಿ..."

ನೂರುನ್ನಿಸಾ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ. "ಬಿಡು ತಮ್ಮಾ. ಸಮ್ರೀನ್ ಮುಂದ ಅದನ್ನೆಲ್ಲ ತಗೀಬ್ಯಾಡ. ಹೆಂಗೋ ಉಳದೇವಲ್ಲ."

ಅಷ್ಟಕ್ಕೇ ಅವನಿಗೆ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಬಿಟ್ಟುಬಿಟ್ಟ.

ಮಾರ್ಚ್ ಕಳೆಯುವುದರೊಳಗೆ ಡಾಕ್ಟರು ಹೇಳಿದ್ದು ಬಂತು. ಮೊದಲು ನಡಿಗೆ: ಕಾಲನ್ನು ನೆಲಕ್ಕೆ ಉಜ್ಜಿಕೊಂಡು ಸಣ್ಣಸಣ್ಣ ಹೆಜ್ಜೆ ಇಡತೊಡಗಿದರು. ಆಮೇಲೆ ಮಾತು ಕಡಿಮೆಯಾಯಿತು. ನಮಾಜಿಗೆ ನಿಂತವರು ಎಷ್ಟು ಸುತ್ತು, ಎಷ್ಟು ರಕಾತಾಯಿತೆಂದು ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಒಂದು ದಿನ ಇನಾಯಾಳನ್ನು ದಿಟ್ಟಿಸಿ, "ನೀ ಯಾರ ಮನಿ ಹುಡುಗಿ?" ಎಂದು ಕೇಳಿದರು. ಇನಾಯಾ ನಕ್ಕಳು, ಆಟವೆಂದುಕೊಂಡಳು. ದಾದಿ ನಗದಿರುವುದನ್ನು ಕಂಡು ಅಪ್ಪನ ಹಿಂದೆ ಬಂದು ನಿಂತಳು.

ಮತ್ತೆ ಆಸ್ಪತ್ರೆ, ಸ್ಕ್ಯಾನು. ಈ ಸಲ ಬೇರೆ ಡಾಕ್ಟರು. ಹಳೆಯ ವಿವರ ಓದಿ ಹುಬ್ಬು ಗಂಟಿಕ್ಕಿದರು. ಒಂದು ಗಂಟೆಗೆ ಇಷ್ಟು ಹಾನಿಯಾಗುವುದು ಕಡಿಮೆ. ನಿಜವಾಗಿಯೂ ಒಂದೇ ಗಂಟೆಯಾ? ಹೆಚ್ಚು ಹೊತ್ತೆಂದು ಗೊತ್ತಿದ್ದರೆ ಆಗಲೇ ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಚಿಕಿತ್ಸೆಯ ಬಗ್ಗೆ ಯೋಚಿಸುತ್ತಿದ್ದೆವು ಎಂದರು.

"ಆ ಚಿಕಿತ್ಸೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲವಾ?" ಎಂದು ಕೇಳಿದಳು ಸಮ್ರೀನ್.

"ಆಗುತ್ತಿರಲಿಲ್ಲವೇನೋ. ಆಗುತ್ತಿತ್ತೇನೋ. ಹೇಳಲು ಬರುವುದಿಲ್ಲ."

ಪಾರ್ಕಿಂಗಿನಲ್ಲಿ, ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದ ಮೇಲೆ, ಇಜಾಜ್ ಕಾರಿನ ಬಾಗಿಲು ಮುಚ್ಚಿ ಹೆಂಡತಿಯ ಎದುರಿಗೆ ನಿಂತ. ಎಲ್ಲ ಹೇಳಿದ. ಫ್ಯಾನು ತಗ್ಗಿಸಿದ್ದು, ಸಂದಿ ಮುಚ್ಚಿದ್ದು, ಸ್ವಿಚ್ಚು ಕಿತ್ತದ್ದು, ಅಮ್ಮ ಕಿಟಕಿ ತೆಗೆ ಎಂದಾಗ ಗದರಿದ್ದು, ಕೊನೆಗೆ ಡಾಕ್ಟರಿಗೆ ಹೇಳಿದ ಆ ಒಂದು ಗಂಟೆ. ಸಮ್ರೀನ್ ಅವನ ಮುಖ ನೋಡುತ್ತಾ ನಿಂತಿದ್ದಳು. ಅವಳು ಕೂಗಲಿಲ್ಲ.

"ನಾನು ಫಾರ್ಮಸಿಸ್ಟು ಇಜಾಜ್," ಎಂದಳು ಕೊನೆಗೆ. "ನಂಗಾದ್ರೂ ಹೇಳ್ಬಹುದಿತ್ತು. ಅವತ್ತೇ. ನಾನೇ ಅವರ ಹತ್ರ ಮಾತಾಡ್ತಿದ್ದೆ."

ಅವಳು ಆಗಲೇ ಒಳಗೆ ಹಿಂತಿರುಗಿ ಹೋಗಿ ಡಾಕ್ಟರಿಗೆ ಸರಿಯಾದ ವಿವರ ಕೊಟ್ಟು ಬಂದಳು. ಆಮೇಲೆ ಎಷ್ಟೋ ದಿನ ಗಂಡನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಒಂದು ಭಾನುವಾರ, ಅತ್ತೆಯ ತಲೆ ಬಾಚಿ ಜಡೆ ಹಾಕಿ, "ಪಾರ್ಕಿಗೆ ಕರ್ಕೊಂಡು ಹೋಗು," ಎಂದಳು. "ನಂಗೆ ಹೇಳಿದ್ದನ್ನ ಅವರಿಗೂ ಹೇಳು. ಅರ್ಥ ಆಗುತ್ತೋ ಇಲ್ವೋ, ಹೇಳು."

ಪಾರ್ಕಿನ ಬೆಂಚಿನ ಮೇಲೆ ಬಿಸಿಲಿತ್ತು. ಇನಾಯಾ ಜೋಕಾಲಿಯ ಹತ್ತಿರ ಓಡಿದಳು. ಇಜಾಜ್ ತಾಯಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಗುರುವಾರದ ಹಿಮದಿಂದ ಶುರು ಮಾಡಿ ಎಲ್ಲವನ್ನೂ ನಿಧಾನವಾಗಿ ಹೇಳಿದ. ಯಾವುದನ್ನೂ ಬಿಡಲಿಲ್ಲ. ನೂರುನ್ನಿಸಾ ಶಾಲೆಯಲ್ಲಿ ಹುಡುಗರ ಪಾಠ ಒಪ್ಪಿಸಿಕೊಳ್ಳುವಾಗ ಕೂರುತ್ತಿದ್ದಂತೆ, ತಲೆ ಒಂದು ಕಡೆ ವಾಲಿಸಿ, ಕಣ್ಣು ಕಿರಿದು ಮಾಡಿ ಕೇಳಿದರು. ಎಷ್ಟೋ ವಾರಗಳಿಂದ ಅವರು ಇಷ್ಟು ಗಮನವಿಟ್ಟು ಏನನ್ನೂ ಕೇಳಿರಲಿಲ್ಲ. ಇಜಾಜ್‌ಗೆ ಆಸೆ ಹುಟ್ಟಿತು.

"ಆ ಹುಡುಗಿ ಉಳದಳೇನು?" ಎಂದು ಕೇಳಿದರು.

"ಉಳಿದಳು ಅಮ್ಮೀ. ಅಗೋ, ಆಡ್ತಾ ಇದಾಳೆ."

ಅವರು ಜೋಕಾಲಿಯ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ಅವನ ಕಡೆ ತಿರುಗಿದರು. ಮುಖದಲ್ಲಿ ನಿಜವಾದ ಕಾಳಜಿಯಿತ್ತು.

"ಮತ್ತ ಆ ಮನ್ಯಾಗ ಒಬ್ಬಾಕಿ ಮುದುಕಿ ಇದ್ಲಂದ್ಯಲ್ಲ, ಆಕಿ ಏನಾದಳಪ್ಪಾ?"

ಇಜಾಜ್ ಅವರ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಅವರು ಉತ್ತರಕ್ಕೆ ಕಾಯುತ್ತಿದ್ದರು.